ಹೊಟ್ಟೆಯೊಳಗೆ ನೋಡುವ ಎರಡು ದಾರಿ

ನಮ್ಮ ಸಂಘದ ಪತ್ರಿಕೆಗೆ ಕವನಗಳು ಬೇಕಾದಷ್ಟು ಬರುತ್ತವೆ, ಕತೆಗಳೂ ಬರುತ್ತವೆ. ಈ ಸಲ ಯಾರಾದರೂ ವಿಜ್ಞಾನದ ಬಗ್ಗೆ ಒಂದು ಲೇಖನ ಕೊಡಿ ಅಂತ ಸಂಪಾದಕ ಮಿತ್ರರು ಕೇಳಿದಾಗ ವಿಜ್ಞಾನ ಶಾಖೆಯವರೆಲ್ಲ ಪರೀಕ್ಷೆಯ ನೆಪ ಹೇಳಿ ಜಾರಿಕೊಂಡರು. ಕೊನೆಗೆ ಕೈ ಎತ್ತಿದವನು ವಾಣಿಜ್ಯ ಶಾಖೆಯ ನಾನು. ಡೆಬಿಟ್ಟು ಕ್ರೆಡಿಟ್ಟು ಬರೆಯುವವನಿಗೆ ಜಠರದ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ. ಹೋದ ವರ್ಷ ನಮ್ಮ ಮನೆಯಲ್ಲಿ ಒಂದು ತಪ್ಪು ನಡೆಯಿತು. ಆ ತಪ್ಪು ಮಾಡಿದವನು ನಾನೇ. ಅದನ್ನು ಮೊದಲು ಹೇಳಿ, ಅದರಿಂದ ಕಲಿತ ಪಾಠವನ್ನು ಆಮೇಲೆ ಹೇಳುತ್ತೇನೆ.

ನಾನು ಹತ್ತನೆಯ ತರಗತಿಯವರೆಗೆ ಕುಂದಾಪುರದ ಕಡೆಯ ಕನ್ನಡ ಶಾಲೆಯಲ್ಲಿ ಓದಿದವನು. ಆಮೇಲೆ ಮುಂಬಯಿಗೆ, ಸೋದರಮಾವನ ಖೋಲಿಗೆ ಬಂದೆ. ಮಾವ ಮೂವತ್ತು ವರ್ಷದಿಂದ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು. ನಿಂತು ನಿಂತು ಬಂದ ಸೊಂಟನೋವಿಗೆ ಮೆಡಿಕಲ್ ಅಂಗಡಿಯ ನೋವಿನ ಮಾತ್ರೆ, ಅದರ ಮೇಲೆ ಬರುವ ಹೊಟ್ಟೆಯುರಿಗೆ ಜೀರಿಗೆ ಕಷಾಯ, ಹೀಗೆ ಕಾಲ ಕಳೆದಿದ್ದರು. ಉರಿ ಜಾಸ್ತಿಯಾದಾಗ ಡಾಕ್ಟರರ ಹತ್ತಿರ ಹೋದೆವು. ಅವರು ಚೀಟಿಯಲ್ಲಿ ಎರಡು ಪರೀಕ್ಷೆ ಬರೆದರು. ಒಂದು ಸೋನೋಗ್ರಫಿ. ಅದರ ಕೆಳಗೆ ಇಂಗ್ಲಿಷಿನ ಬರೀ ಮೂರು ಅಕ್ಷರ: ಓ.ಜಿ.ಡಿ. ಅದೇನು ಅಂತ ಕೇಳಿದಾಗ ನರ್ಸಮ್ಮ, ಬಾಯಿಂದ ಪೈಪು ಬಿಟ್ಟು ನೋಡ್ತಾರೆ ಎಂದರು. ಮಾವನ ಮುಖ ಸಣ್ಣದಾಯಿತು. "ಪೈಪ್ ನುಂಗುಕೆ ನಂಗ್ ಆತಿಲ್ಲೆ ಮಾಣಿ. ಮೊದ್ಲ್ ಸ್ಕ್ಯಾನ್ ಮಾಡ್ಸುವ" ಎಂದರು.

ಸ್ಕ್ಯಾನ್ ಆಯಿತು. ನಮ್ಮ ಖೋಲಿಯಲ್ಲಿ ಇಂಗ್ಲಿಷ್ ಓದುವವನು ನಾನೊಬ್ಬನೇ ಆದ್ದರಿಂದ ರಿಪೋರ್ಟು ನನ್ನ ಕೈಗೆ ಬಂತು. ಸಾಲು ಸಾಲಿಗೂ ನಾರ್ಮಲ್, ನಾರ್ಮಲ್. ಕೊನೆಯಲ್ಲಿ, ಗಮನಾರ್ಹ ದೋಷವಿಲ್ಲ ಎಂಬ ಷರಾ. ನಾನು ದೊಡ್ಡ ಪಂಡಿತನ ಹಾಗೆ, "ಎಲ್ಲಾ ನಾರ್ಮಲ್ ಮಾವ, ಇನ್ನು ಪೈಪೂ ಬೇಡ ಗೀಪೂ ಬೇಡ" ಎಂದುಬಿಟ್ಟೆ. ಆ ರಾತ್ರಿ ಮಾವ ಹೋಟೆಲಿನಿಂದ ಜಿಲೇಬಿ ತಂದರು. ಡಾಕ್ಟರರ ಹತ್ತಿರ ಮತ್ತೆ ಹೋಗಲೇ ಇಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಾವ ಕಾವಲಿಯ ಮುಂದೆಯೇ ಕುಸಿದು ಬಿದ್ದರು. ಒಂದು ವಾರದಿಂದ ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತಿತ್ತಂತೆ, ಹೇಳಿಕೊಳ್ಳಲು ನಾಚಿಕೆಯಂತೆ. ಹಿಮೊಗ್ಲೋಬಿನ್ ೭ಕ್ಕೆ ಇಳಿದಿತ್ತು. ಗಂಡಸರಿಗೆ ೧೩ರ ಮೇಲೆ ಇರಬೇಕಾದದ್ದು. ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಕೊಟ್ಟು, ಮರುದಿನ ಅದೇ ಪೈಪು ಬಿಟ್ಟು ನೋಡಿದಾಗ ಜಠರದ ಕೆಳಭಾಗದಲ್ಲಿ ರಕ್ತ ಒಸರುವ ಹುಣ್ಣು ಕಂಡಿತು.

ಮನೆಗೆ ಬಂದು ಆ ಹಳೆಯ ರಿಪೋರ್ಟನ್ನು ಮತ್ತೆ ತೆಗೆದು ಓದಿದೆ. ಯಕೃತ್ತು ನಾರ್ಮಲ್. ಪಿತ್ತಕೋಶ ನಾರ್ಮಲ್. ಗುಲ್ಮ, ಮೂತ್ರಪಿಂಡ, ಮೂತ್ರಕೋಶ ಎಲ್ಲಾ ನಾರ್ಮಲ್. ಮೇದೋಜೀರಕ ಗ್ರಂಥಿಯ ಒಂದು ಭಾಗ ಗ್ಯಾಸಿನಿಂದಾಗಿ ಸರಿಯಾಗಿ ಕಾಣಲಿಲ್ಲ ಅಂತ ಒಂದು ಸಾಲು. ಜಠರ ಎಂಬ ಮಾತೇ ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ! ಯಾವ ಅಂಗದ ನೋವಿಗೆ ಹೋಗಿದ್ದೆವೋ ಆ ಅಂಗವನ್ನು ಬಿಟ್ಟು ಅಕ್ಕಪಕ್ಕದವುಗಳೆಲ್ಲ ಚೆನ್ನಾಗಿವೆ ಅಂತ ಆ ರಿಪೋರ್ಟು ಪ್ರಾಮಾಣಿಕವಾಗಿಯೇ ಹೇಳಿತ್ತು. ಓದಿದವನು ನಾನು ತಪ್ಪು ಓದಿದ್ದೆ.

ಲೆಕ್ಕಪರಿಶೋಧನೆಯ ಪಾಠದಲ್ಲಿ ನಮಗೆ ಒಂದು ಮಾತು ಹೇಳಿಕೊಡುತ್ತಾರೆ. ಪುಸ್ತಕದಲ್ಲಿ ಸರಕು ಇದೆ ಅಂತ ಬರೆದಿದ್ದರೆ ಸಾಲದು, ಗೋದಾಮಿಗೆ ಹೋಗಿ ಬಾಗಿಲು ತೆಗೆದು ನೋಡಬೇಕು. ಪುಸ್ತಕ ನೋಡುವುದೂ ಪರಿಶೋಧನೆಯೇ, ಗೋದಾಮು ನೋಡುವುದೂ ಪರಿಶೋಧನೆಯೇ. ಆದರೆ ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಹೊಟ್ಟೆಯ ಪರೀಕ್ಷೆಯೂ ಹೀಗೆಯೇ ಅಂತ ನನಗೆ ತಡವಾಗಿ ತಿಳಿಯಿತು.

ಜಠರದ ಗೋಡೆ

ಶಾಲೆಯಲ್ಲಿ ಜೀರ್ಣಾಂಗಗಳ ಚಿತ್ರ ಬರೆದು ಬಾಣದ ಗುರುತು ಹಾಕಿದ್ದು ನಿಮಗೂ ನೆನಪಿರಬೇಕು. ಅನ್ನನಾಳದಿಂದ ಇಳಿದ ಆಹಾರ ಎಡಪಕ್ಕೆಯ ಕೆಳಗಿರುವ ಜಠರ ಎಂಬ ಚೀಲಕ್ಕೆ ಬಂದು, ಅಲ್ಲಿಂದ ಸಣ್ಣಕರುಳಿಗೆ ಹೋಗುತ್ತದೆ. ಈ ಚೀಲದ ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಅದರಲ್ಲಿ ನಾಲ್ಕು ಪದರಗಳು. ಎಲ್ಲಕ್ಕಿಂತ ಒಳಗಿನದು ಲೋಳೆಪೊರೆ. ಹೈಡ್ರೋಕ್ಲೋರಿಕ್ ಆಮ್ಲವನ್ನು ಸುರಿಸುವ ಗ್ರಂಥಿಗಳು ಇರುವುದು ಇಲ್ಲಿ. ಉರಿಯೂತ, ಹುಣ್ಣು, ಕ್ಯಾನ್ಸರು ಇವು ಸಾಮಾನ್ಯವಾಗಿ ಮೊದಲು ಶುರುವಾಗುವುದೂ ಈ ಪೊರೆಯಲ್ಲೇ. ಆದ್ದರಿಂದ ಪ್ರಶ್ನೆ ಇಷ್ಟು: ಈ ತೆಳುವಾದ ಪೊರೆಯನ್ನು ನೋಡುವುದು ಹೇಗೆ?

ಮೊದಲನೆಯ ದಾರಿ: ಹೊರಗಿನಿಂದ ಚಿತ್ರ ತೆಗೆಯುವುದು

ಜರ್ಮನಿಯ ರಾಂಟ್‌ಜೆನ್ ೧೮೯೫ರ ನವೆಂಬರ್ ೮ರಂದು ಕ್ಷ-ಕಿರಣಗಳನ್ನು ಕಂಡುಹಿಡಿದರು. ಮೂಳೆ ಈ ಕಿರಣವನ್ನು ತಡೆಯುವುದರಿಂದ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಜಠರ ಮೆತ್ತನೆಯ ಮಾಂಸ, ಅಷ್ಟು ತಡೆಯುವುದಿಲ್ಲ. ಹಾಗಾದರೆ ಏನು ಮಾಡುವುದು? ಅಮೆರಿಕದ ಹಾರ್ವರ್ಡಿನಲ್ಲಿ ಆಗ ಇನ್ನೂ ವಿದ್ಯಾರ್ಥಿಯಾಗಿದ್ದ ವಾಲ್ಟರ್ ಕ್ಯಾನನ್ ಎಂಬಾತ ಬೆಕ್ಕಿನ ಆಹಾರದಲ್ಲಿ ಬಿಸ್ಮತ್ ಲವಣ ಕಲಸಿ ಕೊಟ್ಟು, ಅದರ ಜಠರ ಆಹಾರವನ್ನು ಕಡೆಯುವುದನ್ನು ಕ್ಷ-ಕಿರಣದಲ್ಲಿ ನೋಡಿದ. ೧೮೯೮ರಲ್ಲಿ ಅದನ್ನು ಪ್ರಕಟಿಸಿದ. ನಮ್ಮಂಥ ವಿದ್ಯಾರ್ಥಿಯೊಬ್ಬ ಮಾಡಿದ ಕೆಲಸ ಇದು ಅಂತ ಹೇಳಿಕೊಳ್ಳಲು ಹೆಮ್ಮೆಯಾಗುತ್ತದೆ.

ಬಿಸ್ಮತ್ತಿನ ಜಾಗಕ್ಕೆ ಆಮೇಲೆ ಬೇರಿಯಂ ಸಲ್ಫೇಟ್ ಬಂತು. ಇದು ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ರಕ್ತಕ್ಕೂ ಸೇರುವುದಿಲ್ಲ. ಸುಣ್ಣದ ನೀರಿನಂಥ ಈ ದ್ರವವನ್ನು ಕುಡಿಸಿ ಎಕ್ಸ್‌ರೇ ತೆಗೆದರೆ ಜಠರದ ಒಳ ಆಕಾರ ಅಚ್ಚು ಹಾಕಿದ ಹಾಗೆ ಕಾಣುತ್ತದೆ. ಆಳವಾದ ಹುಣ್ಣಿದ್ದರೆ ಆ ಗುಂಡಿಯಲ್ಲಿ ಬೇರಿಯಂ ನಿಲ್ಲುತ್ತದೆ. ಗಡ್ಡೆಯಿದ್ದರೆ ಅಲ್ಲಿ ಖಾಲಿ ಜಾಗ ಬೀಳುತ್ತದೆ. ೧೯೫೦ರ ದಶಕದಲ್ಲಿ ಜಪಾನಿನ ವೈದ್ಯರು ಬೇರಿಯಂ ಜತೆಗೆ ಹೊಟ್ಟೆಗೆ ಗಾಳಿಯನ್ನೂ ತುಂಬಿ, ಗೋಡೆಗೆ ಬೇರಿಯಂ ತೆಳ್ಳಗೆ ಬಳಿದುಕೊಳ್ಳುವಂತೆ ಮಾಡಿ, ಸಣ್ಣ ಸಣ್ಣ ಮಡಿಕೆಗಳೂ ಕಾಣುವ ವಿಧಾನವನ್ನು ಬೆಳೆಸಿದರು. ಆದರೂ ಒಂದು ಮಾತು ಉಳಿಯುತ್ತದೆ. ಬೇರಿಯಂ ತೋರಿಸುವುದು ನೆರಳನ್ನು. ಬಣ್ಣ ಅದರಲ್ಲಿ ಇಲ್ಲ. ಪೊರೆ ಕೆಂಪಾಗಿದೆಯೋ ಇಲ್ಲವೋ, ರಕ್ತ ಒಸರುತ್ತಿದೆಯೋ ಇಲ್ಲವೋ ಅದು ಹೇಳಲಾರದು.

ಇನ್ನು ಸೋನೋಗ್ರಫಿ. ಇದರಲ್ಲಿ ಕಿರಣವಿಲ್ಲ, ಶಬ್ದವಿದೆ. ನಮ್ಮ ಕಿವಿ ಹೆಚ್ಚೆಂದರೆ ಸೆಕೆಂಡಿಗೆ ೨೦,೦೦೦ ಕಂಪನಗಳ ಶಬ್ದ ಕೇಳಬಲ್ಲದು. ಹೊಟ್ಟೆ ನೋಡುವ ಯಂತ್ರ ಬಳಸುವುದು ಸೆಕೆಂಡಿಗೆ ೨೦ರಿಂದ ೫೦ ಲಕ್ಷ ಕಂಪನಗಳ ಶಬ್ದ. ಅದು ಒಳಗೆ ಹೋಗಿ ಅಂಗಗಳಿಗೆ ಬಡಿದು ಹಿಂದಿರುಗುವ ಪ್ರತಿಧ್ವನಿಯಿಂದ ಚಿತ್ರ ಮೂಡುತ್ತದೆ. ಗಟ್ಟಿ ಯಕೃತ್ತು, ದ್ರವ ತುಂಬಿದ ಪಿತ್ತಕೋಶ ಇವೆಲ್ಲ ಚೆನ್ನಾಗಿ ಕಾಣುತ್ತವೆ. ಪಿತ್ತದ ಕಲ್ಲಿಗೆ ಇದರಷ್ಟು ಸುಲಭವಾದ ಪರೀಕ್ಷೆ ಬೇರೆ ಇಲ್ಲ. ಆದರೆ ಈ ಶಬ್ದಕ್ಕೆ ಗಾಳಿಯೇ ಶತ್ರು. ಗಾಳಿ ಎದುರಾದರೆ ಶಬ್ದ ಮುಂದೆ ಹೋಗದೆ ಪೂರಾ ತಿರುಗಿ ಬರುತ್ತದೆ. ಜಠರದಲ್ಲಿ ಗಾಳಿ ಇದ್ದೇ ಇರುತ್ತದೆ. ಹೀಗಾಗಿ ಮಾಮೂಲಿ ಸೋನೋಗ್ರಫಿಯಲ್ಲಿ ಜಠರದ ಒಳಪೊರೆಯ ಹುಣ್ಣು ಸಾಮಾನ್ಯವಾಗಿ ಸಿಗುವುದಿಲ್ಲ. ಮಾವನ ರಿಪೋರ್ಟಿನಲ್ಲಿ ಜಠರದ ಮಾತು ಇರದಿದ್ದದ್ದು ಯಾಕೆ ಅಂತ ಈಗ ತಿಳಿಯಿತಲ್ಲ?

ಮೂರನೆಯದು ಸಿ.ಟಿ. ಸ್ಕ್ಯಾನ್. ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ಕಟ್ಟಿದ ಯಂತ್ರದಲ್ಲಿ ೧೯೭೧ರಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆದರು. ೧೯೭೯ರಲ್ಲಿ ಅವರಿಗೂ ಕಾರ್ಮಾಕ್‌ರಿಗೂ ನೊಬೆಲ್ ಬಹುಮಾನ ಬಂತು. ಎಕ್ಸ್‌ರೇ ಕೊಳವೆ ದೇಹದ ಸುತ್ತ ತಿರುಗುತ್ತದೆ, ಕಂಪ್ಯೂಟರು ಲೆಕ್ಕ ಹಾಕಿ ಸೌತೆಕಾಯಿ ಬಿಲ್ಲೆಯ ಹಾಗೆ ಅಡ್ಡಸೀಳಿನ ಚಿತ್ರ ಕೊಡುತ್ತದೆ. ಗೋಡೆ ಎಲ್ಲಿ ದಪ್ಪವಾಗಿದೆ, ಗಡ್ಡೆ ಹೊರಕ್ಕೆ ಹಬ್ಬಿದೆಯೇ, ಯಕೃತ್ತಿಗೂ ದುಗ್ಧಗ್ರಂಥಿಗಳಿಗೂ ಹೋಗಿದೆಯೇ ಎಂಬುದನ್ನು ಇದು ತೋರಿಸುತ್ತದೆ. ಮೇಲುಮೇಲಿನ ಹುಣ್ಣನ್ನು, ಆಗಷ್ಟೇ ಮೊಳೆತ ಕ್ಯಾನ್ಸರನ್ನು ಇದು ಕಾಣದೇ ಹೋಗಬಹುದು. ಇದಕ್ಕೆ ತೆರುವ ಬೆಲೆಯೂ ಇದೆ. ಒಂದು ಸಲ ಹೊಟ್ಟೆಯ ಸಿ.ಟಿ. ಮಾಡಿಸಿದರೆ ಸುಮಾರು ೮ರಿಂದ ೧೦ ಮಿಲಿಸೀವರ್ಟ್ ವಿಕಿರಣ. ಎದೆಯ ಒಂದು ಎಕ್ಸ್‌ರೇಗೆ ಸುಮಾರು ೦.೧. ಬೇಕಾದಾಗ ಮಾಡಿಸಲೇಬೇಕು, ಸಮಾಧಾನಕ್ಕಾಗಿ ಮಾಡಿಸುವ ಪರೀಕ್ಷೆಯಲ್ಲ.

ಎರಡನೆಯ ದಾರಿ: ಒಳಗೇ ಹೋಗಿ ನೋಡುವುದು

೧೮೬೮ರಲ್ಲಿ ಜರ್ಮನಿಯ ಕುಸ್‌ಮೌಲ್ ಎಂಬ ವೈದ್ಯರು ನೇರವಾದ ಲೋಹದ ಕೊಳವೆಯೊಂದನ್ನು ಜಠರದೊಳಕ್ಕೆ ಇಳಿಸಿದರು. ಯಾರ ಗಂಟಲಲ್ಲಿ ಗೊತ್ತೇ? ಕತ್ತಿ ನುಂಗುವ ಆಟದವನ ಗಂಟಲಲ್ಲಿ! ಕೊಳವೆ ಇಳಿಯಿತು, ಆದರೆ ಒಳಗೆ ನೋಡಲು ಬೆಳಕು ಸಾಲಲಿಲ್ಲ. ೧೯೩೨ರಲ್ಲಿ ಶಿಂಡ್ಲರ್ ಎಂಬವರು ಅರ್ಧ ಬಾಗುವ ಕೊಳವೆ ಮಾಡಿಸಿದರು. ಅದೂ ರೋಗಿಗೆ ಕಷ್ಟದ್ದೇ.

ಪೂರ್ತಿ ಬಾಗುವ ಕೊಳವೆಗೆ ದಾರಿ ತೋರಿಸಿದವರಲ್ಲಿ ನಮ್ಮ ದೇಶದವರೊಬ್ಬರು ಇದ್ದಾರೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ. ಲಂಡನ್ನಿನಲ್ಲಿ ಹಾಪ್‌ಕಿನ್ಸ್ ಎಂಬ ಪ್ರಾಧ್ಯಾಪಕರ ಜತೆ ಸೇರಿ, ಕೂದಲೆಳೆಯಂಥ ಗಾಜಿನ ನೂಲುಗಳ ಕಂತೆಯಲ್ಲಿ ಚಿತ್ರವನ್ನು ಬಾಗಿಸಿ ಒಯ್ಯಬಹುದು ಎಂದು ೧೯೫೪ರಲ್ಲಿ ತೋರಿಸಿದರು. ಅದನ್ನು ಓದಿದ ಹಿರ್ಷೋವಿಟ್ಜ್ ಎಂಬ ವೈದ್ಯರು ಅಮೆರಿಕದಲ್ಲಿ ಅಂಥ ಅಂತರ್ದರ್ಶಕವನ್ನು ಮಾಡಿ, ೧೯೫೭ರಲ್ಲಿ ಮೊದಲು ತಾವೇ ಅದನ್ನು ನುಂಗಿ ನೋಡಿ, ಆಮೇಲೆ ರೋಗಿಗೆ ಹಾಕಿದರು. ೧೯೮೩ರ ಹೊತ್ತಿಗೆ ತುದಿಯಲ್ಲೇ ಪುಟ್ಟ ಕ್ಯಾಮರಾ ಇರುವ ಕೊಳವೆ ಬಂತು. ಈಗ ಡಾಕ್ಟರು, ನರ್ಸು ಎಲ್ಲರೂ ಟೀವಿ ಪರದೆಯ ಮೇಲೆ ಜಠರವನ್ನು ಬಣ್ಣದಲ್ಲಿ ನೋಡುತ್ತಾರೆ.

ಮಾವನ ಪೈಪು ಅಂದರೆ ಇದೇ. ಸುಮಾರು ಒಂದು ಸೆಂಟಿಮೀಟರ್ ದಪ್ಪ, ಒಂದು ಮೀಟರ್ ಉದ್ದ. ಓ.ಜಿ.ಡಿ. ಎಂದರೆ ಅನ್ನನಾಳ, ಜಠರ, ಸಣ್ಣಕರುಳಿನ ಮೊದಲ ಭಾಗ, ಈ ಮೂರರ ಇಂಗ್ಲಿಷ್ ಹೆಸರುಗಳ ಮೊದಲಕ್ಷರ. ಆರರಿಂದ ಎಂಟು ಗಂಟೆ ಬರೀ ಹೊಟ್ಟೆಯಲ್ಲಿ ಇರಬೇಕು. ಗಂಟಲಿಗೆ ಮರಗಟ್ಟಿಸುವ ಔಷಧಿ ಹೊಡೆಯುತ್ತಾರೆ. ಕೆಲವರಿಗೆ ಮಂಪರಿನ ಸೂಜಿಯನ್ನೂ ಕೊಡುತ್ತಾರೆ. ಎಡಮಗ್ಗುಲಾಗಿ ಮಲಗಿಸಿ, ಹಲ್ಲಿನ ಮಧ್ಯೆ ಒಂದು ಬಳೆ ಇಟ್ಟು ಕೊಳವೆ ಬಿಡುತ್ತಾರೆ. ಅದು ಹೋಗುವುದು ಅನ್ನನಾಳದಲ್ಲಿ, ಶ್ವಾಸನಾಳ ಬೇರೆ, ಹೀಗಾಗಿ ಉಸಿರಾಟ ನಡೆದೇ ಇರುತ್ತದೆ. ಓಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಐದು ಹತ್ತು ನಿಮಿಷದ ಕೆಲಸ. ರಕ್ತಸ್ರಾವ, ರಂಧ್ರ ಬೀಳುವುದು ಇಂಥ ಅಪಾಯಗಳು ಇವೆ, ಬಹಳ ಅಪರೂಪ.

ಇದರ ದೊಡ್ಡ ಗುಣ ಕಣ್ಣಿಗಿಂತ ಕೈಯಲ್ಲಿದೆ. ಕೊಳವೆಯೊಳಗಿನ ಸಣ್ಣ ದಾರಿಯಲ್ಲಿ ಚಿಮುಟ ಕಳಿಸಿ ಅಕ್ಕಿಕಾಳಿಗಿಂತ ಚಿಕ್ಕ ಚೂರೊಂದನ್ನು ಕಿತ್ತು ತರಬಹುದು. ಅದು ನೋಯುವುದಿಲ್ಲ. ಆ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಬರೀ ಹುಣ್ಣೋ ಕ್ಯಾನ್ಸರೋ ಹೇಳುತ್ತಾರೆ. ಹೊರಗಿನ ಯಾವ ಚಿತ್ರವೂ ಈ ತೀರ್ಪು ಕೊಡಲಾರದು. ರಕ್ತ ಸೋರುತ್ತಿದ್ದರೆ ಅದೇ ದಾರಿಯಲ್ಲಿ ಸೂಜಿಮದ್ದು ಕೊಟ್ಟು, ಪುಟ್ಟ ಕ್ಲಿಪ್ಪು ಹಾಕಿ ನಿಲ್ಲಿಸುವುದೂ ಸಾಧ್ಯ.

ಈ ಚೂರಿನ ಮಹತ್ವಕ್ಕೆ ಒಂದು ದೃಷ್ಟಾಂತ. ಹುಣ್ಣಿಗೆ ಚಿಂತೆ, ಖಾರ, ಆಮ್ಲ ಇವೇ ಕಾರಣ ಅಂತ ಬಹಳ ಕಾಲ ನಂಬಿದ್ದರು. ೧೯೭೯ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರನ್ ಹೀಗೆ ತೆಗೆದ ಚೂರುಗಳಲ್ಲಿ ಸುರುಳಿಯಾದ ರೋಗಾಣುಗಳನ್ನು ಕಂಡರು. ೧೯೮೨ರಲ್ಲಿ ಬ್ಯಾರಿ ಮಾರ್ಷಲ್ ಜತೆ ಸೇರಿ ಅದನ್ನು ಬೆಳೆಸಿದರು. ಜನ ನಂಬಲಿಲ್ಲ. ೧೯೮೪ರಲ್ಲಿ ಮಾರ್ಷಲ್ ತಮ್ಮ ಜಠರ ಚೆನ್ನಾಗಿದೆ ಅಂತ ಎಂಡೋಸ್ಕೋಪಿಯಲ್ಲಿ ತೋರಿಸಿ, ಆಮೇಲೆ ಆ ರೋಗಾಣುವಿನ ದ್ರವವನ್ನು ಗಟಗಟ ಕುಡಿದರು. ಕೆಲವು ದಿನಗಳಲ್ಲಿ ಮತ್ತೆ ನೋಡಿದಾಗ ಅದೇ ಜಠರದಲ್ಲಿ ಉರಿಯೂತ! ೨೦೦೫ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಆ ರೋಗಾಣು, ಮತ್ತು ಮನಸ್ಸಿಗೆ ಬಂದ ಹಾಗೆ ನುಂಗುವ ನೋವಿನ ಮಾತ್ರೆ, ಜಠರದ ಹುಣ್ಣಿಗೆ ಮುಖ್ಯ ಕಾರಣಗಳು ಇವೆರಡು. ಮಾವನ ಹೊಟ್ಟೆಯಲ್ಲಿ ಎರಡೂ ಇದ್ದವು.

ಹಾಗಾದರೆ ಚಿತ್ರ ತೆಗೆಯುವುದು ದಂಡವೇ?

ಅಲ್ಲ. ಇದನ್ನು ಓದಿ, ಸ್ಕ್ಯಾನ್ ಎಂದರೆ ಮೋಸ ಅಂತ ಯಾರೂ ತಿಳಿಯಬಾರದು. ಗೋದಾಮು ನೋಡಿದವನು ಪುಸ್ತಕ ನೋಡುವುದು ಬೇಡ ಎಂದ ಹಾಗಾದೀತು. ಎಂಡೋಸ್ಕೋಪಿ ಸೋಲುವ ಜಾಗಗಳೂ ಇವೆ.

೧. ಹುಣ್ಣು ತೂತಾಗಿ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿದ್ದರೆ ಪೈಪು ಬಿಡುವ ಹಾಗಿಲ್ಲ, ಬೇರಿಯಂ ಕುಡಿಸುವ ಹಾಗೂ ಇಲ್ಲ. ಆಗ ನೆಟ್ಟಗೆ ಕೂರಿಸಿ ಅಥವಾ ನಿಲ್ಲಿಸಿ ತೆಗೆದ ಮಾಮೂಲಿ ಎಕ್ಸ್‌ರೇಯಲ್ಲಿ ವಪೆಯ ಕೆಳಗೆ ಗಾಳಿಯ ಕಪ್ಪು ಅರ್ಧಚಂದ್ರ ಕಂಡರೆ ಬಹುಮಟ್ಟಿಗೆ ರೋಗ ಗೊತ್ತಾದ ಹಾಗೆಯೇ. ಅದು ಕಾಣದಿದ್ದಾಗ ಸಿ.ಟಿ. ಹೇಳುತ್ತದೆ.

೨. ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಅದು ಎಷ್ಟು ದೂರ ಹೋಗಿದೆ ಎಂಬುದನ್ನು ಪೈಪು ಹೇಳುವುದಿಲ್ಲ. ಅದು ನೋಡುವುದು ಗೋಡೆಯ ಒಳಮೈ ಮಾತ್ರ. ಅಲ್ಲಿ ಸಿ.ಟಿ. ಬೇಕೇ ಬೇಕು.

೩. ಒಂದು ಬಗೆಯ ಕ್ಯಾನ್ಸರು ಒಳಪೊರೆಯ ಅಡಿಯಲ್ಲೇ ಹರಡಿ ಇಡೀ ಜಠರವನ್ನು ಚರ್ಮದ ಚೀಲದ ಹಾಗೆ ಬಿಗಿ ಮಾಡುತ್ತದೆ. ಮೇಲಿನ ಚೂರು ತೆಗೆದರೆ ಏನೂ ಸಿಗದಿರಬಹುದು. ಬೇರಿಯಂ ಚಿತ್ರದಲ್ಲಿ ಮಾತ್ರ ಹಿಗ್ಗದ ಆ ಚೀಲ ಎದ್ದು ಕಾಣುತ್ತದೆ.

೪. ನೋವು ಜಠರದ್ದೇ ಅಲ್ಲದಿದ್ದರೆ, ಅಂದರೆ ಪಿತ್ತದ ಕಲ್ಲಿನದೋ ಮೇದೋಜೀರಕದ್ದೋ ಆಗಿದ್ದರೆ, ಅದಕ್ಕೆ ಸೋನೋಗ್ರಫಿ, ಸಿ.ಟಿ.ಗಳೇ ಸರಿ. ಮಾವನ ಡಾಕ್ಟರು ಎರಡನ್ನೂ ಬರೆದದ್ದು ಈ ಕಾರಣಕ್ಕೆ. ನಾವು ಒಂದನ್ನು ಮಾಡಿಸಿ ಇನ್ನೊಂದು ಮಾಫಿಯಾಯಿತು ಅಂತ ತಿಳಿದೆವು.

ಜಠರದ ಕ್ಯಾನ್ಸರು ಹೆಚ್ಚಿರುವ ಜಪಾನಿನಲ್ಲಿ ಆರೋಗ್ಯವಂತರನ್ನೂ ಕರೆದು ದಶಕಗಳ ಕಾಲ ಬೇರಿಯಂ ಎಕ್ಸ್‌ರೇಯಿಂದ ಪರೀಕ್ಷಿಸುತ್ತಿದ್ದರು. ೨೦೧೬ರಿಂದ ೫೦ ದಾಟಿದವರಿಗೆ ಎಂಡೋಸ್ಕೋಪಿಯನ್ನೂ ಆ ಕಾರ್ಯಕ್ರಮದಲ್ಲಿ ಸೇರಿಸಿದರು. ಬೇರಿಯಂ ವಿದ್ಯೆಯಲ್ಲಿ ಪಳಗಿದವರೇ ಒಳಗೆ ಹೋಗಿ ನೋಡುವ ದಾರಿಯನ್ನೂ ತೆರೆದರು ಎಂಬುದು ಗಮನಿಸಬೇಕಾದ ಮಾತು. ಈಗ ಎರಡು ದಾರಿಗಳೂ ಒಂದೆಡೆ ಕೂಡಿವೆ. ಎಂಡೋಸ್ಕೋಪಿನ ತುದಿಯಲ್ಲೇ ಸೋನೋಗ್ರಫಿಯ ಯಂತ್ರ ಇಟ್ಟು, ಜಠರದೊಳಗಿನಿಂದ ಗೋಡೆಯ ಪದರ ಪದರವನ್ನೂ ನೋಡುತ್ತಾರೆ. ಗಾಳಿಯ ತೊಂದರೆ ಅಲ್ಲಿಗೆ ಬಹುಪಾಲು ತಪ್ಪಿತು.

ಯಾರಿಗೆ ಯಾವಾಗ?

ಹೊಟ್ಟೆಯುರಿ ಬಂದ ಎಲ್ಲರೂ ನಾಳೆಯೇ ಪೈಪು ನುಂಗಬೇಕಿಲ್ಲ. ನಮ್ಮ ವಯಸ್ಸಿನವರಿಗೆ ಹೆಚ್ಚಾಗಿ ಔಷಧಿಯಲ್ಲೇ ಗುಣವಾಗುತ್ತದೆ. ರೋಗಾಣು ಇದೆಯೇ ಎಂಬುದನ್ನು ಉಸಿರಿನಿಂದ, ಮಲದಿಂದ ತಿಳಿಯುವ ಪರೀಕ್ಷೆಗಳೂ ಇವೆ. ಆದರೆ ಕೆಲವು ಲಕ್ಷಣಗಳನ್ನು ಬಾಯಿಪಾಠ ಮಾಡಿಕೊಳ್ಳಿ: ಮಲ ಡಾಂಬರಿನಂತೆ ಕಪ್ಪಾಗುವುದು (ಕಬ್ಬಿಣದ ಮಾತ್ರೆ ತಿಂದರೂ ಕಪ್ಪಾಗುತ್ತದೆ, ಅದು ಬೇರೆ), ರಕ್ತ ವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ಬಿಡದ ವಾಂತಿ, ರಕ್ತಹೀನತೆ. ಇವುಗಳಲ್ಲಿ ಒಂದಿದ್ದರೂ, ಅಥವಾ ವಯಸ್ಸು ಐವತ್ತು ಅರವತ್ತು ದಾಟಿ ಹೊಸದಾಗಿ ಹೊಟ್ಟೆನೋವು ಶುರುವಾದರೂ, ತಡಮಾಡದೆ ಡಾಕ್ಟರರ ಹತ್ತಿರ ಹೋಗಬೇಕು. ಕಪ್ಪು ಮಲ, ರಕ್ತ ವಾಂತಿ ಆದರೆ ಅದೇ ದಿನ ಆಸ್ಪತ್ರೆಗೆ. ಸೋನೋಗ್ರಫಿ ನಾರ್ಮಲ್ ಇದೆಯಲ್ಲ ಅಂತ ಸುಮ್ಮನಿರುವ ಹಾಗಿಲ್ಲ.

ಇನ್ನೊಂದು ಮಾತು ನಮ್ಮಂಥ ಕನ್ನಡ ಶಾಲೆಯಿಂದ ಬಂದವರಿಗೆ. ಜಠರ ಎಂದರೆ ನನಗೆ ಗೊತ್ತಿತ್ತು. ಗ್ಯಾಸ್ಟ್ರಿಕ್ ಎಂದರೆ ಗ್ಯಾಸಿಗೆ ಸಂಬಂಧಪಟ್ಟದ್ದು ಅಂತ ತಿಳಿದಿದ್ದೆ. ಅದು ಜಠರಕ್ಕೆ ಸಂಬಂಧಪಟ್ಟದ್ದು ಅಂತ ತಿಳಿದದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಈ ಊರಿನಲ್ಲಿ ಖೋಲಿಖೋಲಿಯಲ್ಲೂ ಒಬ್ಬ ಓದುವ ಹುಡುಗ ಇರುತ್ತಾನೆ, ಮನೆಯ ಕಾಗದಪತ್ರವೆಲ್ಲ ಅವನ ಕೈಗೇ ಬರುತ್ತದೆ. ನಾರ್ಮಲ್ ಎಂಬ ಮಾತು ಕಂಡ ತಕ್ಷಣ ಅವನು ನನ್ನ ಹಾಗೆ ಓದು ನಿಲ್ಲಿಸಬಾರದು. ಯಾವ ಅಂಗ ನಾರ್ಮಲ್, ಯಾವ ಅಂಗವನ್ನು ನೋಡಿಯೇ ಇಲ್ಲ ಅಂತ ಒಂದೊಂದಾಗಿ ಟಿಕ್ ಹಾಕಿ ನೋಡಬೇಕು. ಗೊತ್ತಾಗದಿದ್ದರೆ ಡಾಕ್ಟರರನ್ನೇ ಕೇಳಬೇಕು. ಕೇಳಲು ನಾಚಿಕೆಪಟ್ಟದ್ದಕ್ಕೆ ನಮ್ಮ ಮಾವನ ನಾಲ್ಕು ತಿಂಗಳು ಹೋದವು.

ಮಾವನ ಜಠರದಿಂದ ತೆಗೆದ ಚೂರಿನ ರಿಪೋರ್ಟು ಹತ್ತು ದಿನಕ್ಕೆ ಬಂತು. ಆ ಹತ್ತು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಕ್ಯಾನ್ಸರ್ ಇರಲಿಲ್ಲ, ರೋಗಾಣು ಇತ್ತು. ಹದಿನಾಲ್ಕು ದಿನದ ಮಾತ್ರೆ, ಜತೆಗೆ ಆಮ್ಲ ತಗ್ಗಿಸುವ ಗುಳಿಗೆ. ನೋವಿನ ಮಾತ್ರೆ ಬಂದ್. ಜಠರದ ಹುಣ್ಣು ಪೂರ್ತಿ ಮಾಯ್ದಿದೆಯೇ ಅಂತ ಎರಡು ತಿಂಗಳ ಮೇಲೆ ಮತ್ತೊಮ್ಮೆ ಪೈಪು ಬಿಟ್ಟು ನೋಡಬೇಕು ಎಂದರು. ಈ ಸಲ ಮಾವ ಹಿಂಜರಿಯಲಿಲ್ಲ. ಹೊರಗೆ ಬಂದವರೇ ಬಾಯಿ ಒರೆಸಿಕೊಳ್ಳುತ್ತ, "ಮಾಯ್ದಿತ್ತ್ ಅಂಬ್ರ್ ಮಾಣಿ" ಎಂದರು. ಆಮೇಲೆ ಆ ಕಾಗದವನ್ನು ನನ್ನ ಕೈಗೆ ಕೊಟ್ಟು, "ನೀನೂ ಒಂದ್ಸಲ ಸಮಾ ಓದ್" ಎಂದರು.

ಈ ಸಲ ಕೊನೆಯ ಸಾಲಿನವರೆಗೂ ಓದಿದೆ.